ಅಕ್ಕನಿಗೆ ಹೇಳದೆ ಇಂಗ್ಲೆಂಡಿನ ಹಳ್ಳಿಗೆ

ಸುಳ್ಳು ಹೇಳುವುದು ಸುಲಭ ಎಂದುಕೊಂಡವರು ನನ್ನ ಅಕ್ಕನಿಗೆ ಒಂದೇ ಒಂದು ಸುಳ್ಳು ಹೇಳಿ ನೋಡಬೇಕು. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ಅವಳು. ಹೊಟ್ಟೆನೋವು ಎಂದು ಬಂದ ಮಕ್ಕಳಲ್ಲಿ ಯಾರಿಗೆ ನಿಜವಾದ ನೋವು, ಯಾರಿಗೆ ಹೋಮ್‌ವರ್ಕ್ ಆಗಿಲ್ಲ ಎಂಬುದನ್ನು ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಹೇಳುತ್ತಿದ್ದಳಂತೆ. ಅಂಥ ಸಿಸಿಲಿಯಾ ಅಕ್ಕನಿಗೆ ಹೋದ ವರ್ಷ ನಾನು, ಐವತ್ತು ದಾಟಿದ ವಿಲಿಯಂ, ಅಬುಧಾಬಿಯಿಂದ ಫೋನ್ ಮಾಡಿ, ಗಂಟಲು ಸರಿಮಾಡಿಕೊಂಡು, "ಈ ಸಲ ರಜೆ ಸಿಗಲಿಲ್ಲ ಅಕ್ಕ" ಎಂದುಬಿಟ್ಟೆ. ರಜೆ ಸಿಕ್ಕಿತ್ತು. ಟಿಕೆಟ್ಟೂ ಆಗಿತ್ತು. ಟಿಕೆಟ್ಟು ಮಾತ್ರ ಮಂಗಳೂರಿಗಲ್ಲ, ಇಂಗ್ಲೆಂಡಿಗೆ.

ಇದರಲ್ಲಿ ಅಷ್ಟು ದೊಡ್ಡ ಪಾಪವೇನು ಎಂದು ನೀವು ಕೇಳಬಹುದು. ಹಾಗೆ ಕೇಳುವವರು ಗಲ್ಫಿನಲ್ಲಿ ಇದ್ದವರಲ್ಲ. ಗಲ್ಫಿನವನ ವಾರ್ಷಿಕ ರಜೆ ಅವನದಲ್ಲ, ಅವನ ಊರಿನದು. ಹನ್ನೊಂದು ತಿಂಗಳು ಕಂಪನಿಗೆ, ಒಂದು ತಿಂಗಳು ಊರಿಗೆ, ಇದೇ ನಮ್ಮ ಪಂಚಾಂಗ. ಅಪ್ಪ ಅಮ್ಮ ಹೋದ ಮೇಲೆ ನನಗೆ ಊರು ಅಂದರೆ ಉಡುಪಿ ಹತ್ತಿರದ ಅಕ್ಕ-ಭಾವನ ಮನೆ. ಇಪ್ಪತ್ತೆರಡು ವರ್ಷ ಒಂದು ಆಗಸ್ಟನ್ನೂ ತಪ್ಪಿಸದೆ ಅಲ್ಲಿಗೆ ಹೋಗಿದ್ದೇನೆ. ಹೋಗುವ ಮೊದಲು ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು, ಮಾರ್ಕರಿನಲ್ಲಿ ನಾಲ್ಕು ಬದಿಗೂ ಹೆಸರು ಬರೆಯಬೇಕು. ಹೋದ ಮೇಲೆ ಮನೆ ಮನೆ ಸುತ್ತಬೇಕು. ಯಾರ ಮನೆಗೆ ಮೊದಲು ಹೋದೆ ಎಂಬುದನ್ನು ಉಳಿದವರೆಲ್ಲ ಮುಂದಿನ ಆಗಸ್ಟಿನವರೆಗೆ ನೆನಪಿಟ್ಟುಕೊಳ್ಳುತ್ತಾರೆ. ಹೋದಲ್ಲೆಲ್ಲ ತಿನ್ನಬೇಕು, ತಿಂದ ಮೇಲೆ "ನೀನು ತುಂಬ ಇಳಿದು ಹೋಗಿದ್ದಿ" ಎಂಬ ಮಾತು ಕೇಳಬೇಕು. ನನ್ನ ಹೆಂಡತಿ ಜೆಸ್ಸಿಯ ರಜೆಯಂತೂ ಅಕ್ಕನ ಅಡಿಗೆಮನೆಯಲ್ಲಿ ಮೀನು ತೊಳೆಯುವುದರಲ್ಲೇ ಮುಗಿಯುತ್ತದೆ.

ಜೆಸ್ಸಿ ಇಪ್ಪತ್ತಮೂರನೆಯ ವರ್ಷ ಬಾಯಿ ಬಿಟ್ಟಳು. "ಒಂದು ಸಲ, ಒಂದೇ ಸಲ, ಮೀನು ತೊಳೆಯದ ಒಂದು ರಜೆ ನನಗೆ ಬೇಕು. ಲವೀನಾ ಕರೀತಾ ಉಂಟು ಎಷ್ಟು ವರ್ಷದಿಂದ." ಲವೀನಾ ಅವಳ ಚಿಕ್ಕಮ್ಮನ ಮಗಳು, ಇಂಗ್ಲೆಂಡಿನ ಒಂದು ವೃದ್ಧಾಶ್ರಮದಲ್ಲಿ ನರ್ಸು. ಜೆಸ್ಸಿಯ ಕಣ್ಣಲ್ಲಿದ್ದದ್ದು ಲಂಡನ್. ಲವೀನಾ ಇದ್ದದ್ದು ಲಂಡನ್ನಿನಿಂದ ಎರಡು ರೈಲು, ಒಂದು ಬಸ್ಸು ದೂರದ ಹಳ್ಳಿಯಲ್ಲಿ. "ಸುತ್ತಮುತ್ತ ತುಂಬ ಹಿಸ್ಟಾರಿಕಲ್ ಪ್ಲೇಸಸ್ ಉಂಟು ಅಕ್ಕ, ಕೋಟೆ ಉಂಟು, ಕಲ್ಲು ಉಂಟು" ಎಂದು ಅವಳು ಆಸೆ ಹುಟ್ಟಿಸಿದಳು. ನಮ್ಮ ಮಗಳು ರಿಯಾ ಒಂಬತ್ತನೇ ಕ್ಲಾಸು. ಕನ್ನಡ, ಕೊಂಕಣಿ ಯಾವುದರಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. "ಪಪ್ಪಾ, ನಾಟ್ ಅವರ್ ವಿಲೇಜ್ ಬಟ್ ಸಮ್‌ಬಡಿ ಎಲ್ಸ್ ವಿಲೇಜ್? ಸೀರಿಯಸ್ಲಿ?" ಎಂದಳು. ನಾನು ಪಾಸ್‌ಪೋರ್ಟ್ ಹುಡುಕಲು ಎದ್ದೆ.

ಅಕ್ಕನಿಗೆ ನಿಜ ಹೇಳಬಹುದಿತ್ತು. ಹೇಳಲು ಎರಡು ಸಲ ಫೋನ್ ಎತ್ತಿದ್ದೆ. ಆದರೆ ನನ್ನನ್ನು ಓದಿಸಿದವಳು ಅವಳು, ಗಲ್ಫಿನ ಮೊದಲ ಟಿಕೆಟ್ಟಿಗೆ ಬಳೆ ಅಡವಿಟ್ಟವಳು ಅವಳು. ಅವಳ ಮನೆಗೆ ಹೋಗುವುದನ್ನು ಬಿಟ್ಟು ಕಲ್ಲು ನೋಡಲು ಹೋಗುತ್ತೇನೆ ಎಂದು ಯಾವ ಬಾಯಲ್ಲಿ ಹೇಳಲಿ? ಅದಕ್ಕೆ ನಮ್ಮ ಮುದೀರನ ಮೇಲೆ ಹಾಕಿದೆ. ಮುದೀರ್ ಅಂದರೆ ನಮ್ಮ ಮ್ಯಾನೇಜರ್, ಈಜಿಪ್ಟಿನವರು, ದೇವರಂಥ ಮನುಷ್ಯ. ರಜೆ ಅರ್ಜಿ ಕೊಟ್ಟಾಗ ಓದದೆಯೇ ಸಹಿ ಹಾಕಿ "ಯಲ್ಲಾ, ಗೋ, ಎಂಜಾಯ್" ಅಂದಿದ್ದರು. ನಾನು ಅಕ್ಕನಿಗೆ, "ಪ್ರಾಜೆಕ್ಟ್ ಹ್ಯಾಂಡೋವರ್ ಉಂಟು, ಎಲ್ಲರ ರಜೆಯೂ ಖಲಾಸ್ ಮಾಡಿಬಿಟ್ಟ" ಅಂದೆ. ಅಕ್ಕ, "ಅವನಿಗೆ ಅಕ್ಕ-ತಂಗಿ ಯಾರೂ ಇಲ್ವಾ?" ಎಂದು ಕೇಳಿದಳು. ಆಮೇಲೆ, "ಆಯ್ತು ಬಿಡು, ಎಂತ ಮಾಡುದು, ಕೆಲಸ ಮುಖ್ಯ" ಎಂದು ಫೋನಿಟ್ಟಳು. ಅವಳ ದನಿ ನಡುಗಿದ ಹಾಗಿತ್ತು. ಮರುದಿನ ಮುದೀರ್ ನನಗೆ ತಮ್ಮ ಕೈಯಾರೆ ಚಹಾ ತಂದುಕೊಟ್ಟರು. ನನಗೆ ಅವರ ಮುಖ ನೋಡಲು ಆಗಲಿಲ್ಲ.

ನನ್ನ ಕೆಲಸದ ಹೆಸರು ಡಾಕ್ಯುಮೆಂಟ್ ಕಂಟ್ರೋಲರ್. ಕಂಪನಿಯ ಯಾವ ಕಾಗದ ಯಾವ ತಾರೀಕಿಗೆ ಎಲ್ಲಿಗೆ ಹೋಯಿತು ಎಂಬುದನ್ನು ಸರಿಯಾಗಿ ಇಡುವವನು ನಾನು. ಆದ್ದರಿಂದ ಸುಳ್ಳನ್ನೂ ಕ್ರಮವಾಗಿ ಫೈಲ್ ಮಾಡಿದೆ. ಹೊರಡುವ ಹಿಂದಿನ ಶುಕ್ರವಾರ ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಿಂತು, ಹತ್ತು ಶರ್ಟು ಬದಲಿಸಿ ಹತ್ತು ಫೋಟೋ ತೆಗೆಸಿಕೊಂಡೆ. ಹಿಂದೆ ಎದುರು ಬಿಲ್ಡಿಂಗಿನ ಏಸಿ ಡಬ್ಬಗಳು, ಒಣಗಲು ಹಾಕಿದ ಬಟ್ಟೆ, ಧೂಳು ತುಂಬಿದ ಆಕಾಶ. ಬೆವರು ನಿಜವಾದದ್ದೇ. ನಮ್ಮದು ಹತ್ತು ದಿನದ ಪ್ರವಾಸ, ದಿನಕ್ಕೊಂದರಂತೆ ಅಕ್ಕನಿಗೆ ಕಳಿಸುವುದು ನನ್ನ ಯೋಜನೆ. ರಿಯಾ ಫೋಟೋ ತೆಗೆಯುತ್ತಾ, "ಪಪ್ಪಾ, ದಿಸ್ ಈಸ್ ಕ್ರೈಮ್" ಎಂದಳು. ಜೆಸ್ಸಿ ಮಾತ್ರ ನಾಲ್ಕನೇ ಶರ್ಟಿಗೆ ಇಸ್ತ್ರಿ ಹಾಕಿ ಕೊಟ್ಟಳು.

ಇಂಗ್ಲೆಂಡಿಗೂ ರಟ್ಟಿನ ಪೆಟ್ಟಿಗೆ ಕಟ್ಟಿದೆವು. ಅಭ್ಯಾಸಬಲ. ಕುಚ್ಚಲಕ್ಕಿ, ಖರ್ಜೂರ, ನೋವಿನ ಎಣ್ಣೆ, ಮೇಲೆ ಹಸಿರು ನೈಲಾನ್ ಹಗ್ಗ. ಹಳ್ಳಿಯ ಬಸ್ಸಿನಲ್ಲಿ ನಾವು ಮೂವರೂ ನಮ್ಮ ಪೆಟ್ಟಿಗೆಯೂ ಹತ್ತಿದಾಗ ಬಸ್ಸಿನಲ್ಲಿದ್ದ ಅಜ್ಜಿಯೊಬ್ಬರು ತಮ್ಮ ನಾಯಿಯನ್ನು ಮಡಿಲಿಗೆ ಎತ್ತಿಕೊಂಡು ಪೆಟ್ಟಿಗೆಗೆ ಸೀಟು ಬಿಟ್ಟುಕೊಟ್ಟರು. ಹಳ್ಳಿ ಅಂದರೆ ಒಂದು ರಸ್ತೆ, ಒಂದು ಚರ್ಚು, ಒಂದು ಪಬ್ಬು, ಬಾತುಕೋಳಿಗಳಿಗೆಂದೇ ಒಂದು ಕೊಳ. ಕೆಂಪು ಟೆಲಿಫೋನ್ ಡಬ್ಬದೊಳಗೆ ಫೋನ್ ಇರಲಿಲ್ಲ, ಹಳೇ ಪುಸ್ತಕಗಳಿದ್ದವು. ದಿನಕ್ಕೆ ಎರಡು ಬಸ್ಸು, ಭಾನುವಾರ ಅದೂ ಇಲ್ಲ. ಎಲ್ಲರೂ ನಡೆಯುತ್ತಾರೆ. ಕೆಲಸವಿದ್ದು ನಡೆಯುವುದಲ್ಲ, ಸುಮ್ಮನೆ ಹೊಲದ ನಡುವೆ ಬೂಟು ಹಾಕಿಕೊಂಡು ಮಳೆಯಲ್ಲಿ ನಡೆಯುತ್ತಾರೆ. ಒಂದು ಕಟ್ಟು ಕೊತ್ತಂಬರಿಗೂ ಕೆಳಗಿನ ಗ್ರೋಸರಿಗೆ ಫೋನ್ ಮಾಡುವ ನಾವು ಎರಡನೇ ದಿನಕ್ಕೇ ಮಂಡಿಗೆ ನೋವಿನ ಎಣ್ಣೆ ಹಚ್ಚಿಕೊಂಡೆವು. ಲವೀನಾಗೆಂದು ತಂದದ್ದು ನಮಗೇ ಖರ್ಚಾಯಿತು.

ಮೀನು ತೊಳೆಯದ ರಜೆ ಎಂದಿದ್ದಳಲ್ಲ ಜೆಸ್ಸಿ? ಲವೀನಾಗೆ ದಿನವೂ ಡ್ಯೂಟಿ. ಬೆಳಿಗ್ಗೆ ಹೊರಡುವಾಗ ಬಾಗಿಲಲ್ಲಿ ನಿಂತು, "ಅಕ್ಕ, ನಿಮ್ಮ ಕೈಯ ಬಂಗುಡೆ ಫ್ರೈ ತಿಂದು ಎಷ್ಟು ವರ್ಷ ಆಯ್ತು ಗೊತ್ತುಂಟಾ" ಎಂದು ಹೇಳಿ ಹೋಗುತ್ತಿದ್ದಳು. ಮೂರನೇ ದಿನ ಜೆಸ್ಸಿ ಆ ತಣ್ಣನೆಯ ನೀರಿನಲ್ಲಿ ಮೀನು ತೊಳೆದಳು. ಎಣ್ಣೆ ಕಾದು ಮೀನು ಬಿದ್ದದ್ದೇ ತಡ, ಛಾವಣಿಯಲ್ಲಿದ್ದ ಹೊಗೆಯ ಅಲಾರಂ ಬೊಬ್ಬೆ ಹಾಕತೊಡಗಿತು. ನಾನು ಕುರ್ಚಿ ಹತ್ತಿ ಟವಲಿನಿಂದ ಬೀಸಿದೆ. ಪಕ್ಕದ ಮನೆಯ ಗಂಡ-ಹೆಂಡತಿ ಬಂದು ಬಹಳ ಮರ್ಯಾದೆಯಿಂದ, ಎಲ್ಲ ಸರಿಯಾಗಿದೆಯಾ ಎಂದು ವಿಚಾರಿಸಿದರು. ಜೆಸ್ಸಿ ಇಬ್ಬರಿಗೂ ಒಂದೊಂದು ಬಂಗುಡೆ ಕೊಟ್ಟು ಕಳಿಸಿದಳು. ಮರುದಿನ ಅವರು ತಟ್ಟೆ ತೊಳೆದು ವಾಪಸು ತಂದರು, ಜೊತೆಗೆ ಒಂದು ಬಾಟಲಿ ಪ್ಲಮ್ ಜಾಮ್. ತಟ್ಟೆಯನ್ನು ಖಾಲಿ ಮರಳಿಸದ ಜನ ಭೂಮಿಯ ಆ ತುದಿಯಲ್ಲೂ ಇದ್ದಾರಲ್ಲ ಎಂದು ಜೆಸ್ಸಿಗೆ ಸಂತೋಷವಾಯಿತು.

ಇನ್ನು ಐತಿಹಾಸಿಕ ಸ್ಥಳಗಳು. ಅಬುಧಾಬಿಯ ನಮ್ಮ ಬಿಲ್ಡಿಂಗಿಗೆ ಇಪ್ಪತ್ತೈದು ವರ್ಷ ಆಗಿದೆ. ವಾಚ್‌ಮನ್ ಅದನ್ನು ಬಹಳ ಹಳೇ ಕಟ್ಟಡ ಎಂದು ಬಂದವರಿಗೆಲ್ಲ ಪರಿಚಯಿಸುತ್ತಾನೆ, ಕೆಡವುತ್ತಾರಂತೆ ಎಂಬ ಸುದ್ದಿ ವರ್ಷಕ್ಕೆರಡು ಸಲ ಹುಟ್ಟುತ್ತದೆ. ನಾನು ಬಂದ ಹೊಸದರಲ್ಲಿ ಊಟ ಮಾಡಿದ ಒಂದು ಹೋಟೆಲೂ ಈಗ ಅದರ ಜಾಗದಲ್ಲಿಲ್ಲ. ಇಂಥಲ್ಲಿಂದ ಹೋದ ನನಗೆ ಆ ಹಳ್ಳಿಯ ಚರ್ಚು ತೋರಿಸಿದ ಮುದುಕರೊಬ್ಬರು ಒಂದು ಗೋಡೆ ತಟ್ಟಿ, "ಇದು ಹೊಸ ಭಾಗ" ಎಂದರು. ಎಷ್ಟು ಹೊಸದು ಎಂದು ಕೇಳಿದೆ. ಆರುನೂರು ವರ್ಷ ಆಗಿರಬಹುದು ಎಂದರು, ಸ್ವಲ್ಪ ಕ್ಷಮೆ ಕೇಳುವ ದನಿಯಲ್ಲಿ. ಪಬ್ಬಿನ ತೊಲೆಗಳು ಅದಕ್ಕಿಂತ ಹಳೆಯವಂತೆ. ನನ್ನ ಎತ್ತರಕ್ಕೆ ಬಗ್ಗುವ ಅಗತ್ಯವೇ ಇರಲಿಲ್ಲ, ಆದರೂ ಮರ್ಯಾದೆಗೆ ಬಗ್ಗಿ ಒಳಗೆ ಹೋದೆ. ಆಮೇಲೆ ಆ ಪ್ರಸಿದ್ಧ ಕಲ್ಲುಗಳು. ಮೂರು ಮೈಲಿ ಕೆಸರಲ್ಲಿ ನಡೆದು ಹೋದರೆ ಒಂದು ಹೊಲದ ನಡುವೆ ಒಂಬತ್ತು ಕಲ್ಲು ವೃತ್ತಾಕಾರದಲ್ಲಿ ನಿಂತಿದ್ದವು. ಯಾರು ನಿಲ್ಲಿಸಿದರು, ಯಾಕೆ ನಿಲ್ಲಿಸಿದರು, ಯಾರಿಗೂ ಗೊತ್ತಿಲ್ಲ ಎಂದು ಫಲಕ ಹೇಳುತ್ತಿತ್ತು. ಜೆಸ್ಸಿ ಫಲಕ ಓದಿ, "ಗೊತ್ತಿಲ್ಲ ಅಂತ ಹೇಳುದಕ್ಕೆ ಇಷ್ಟು ದೂರ ಕರೆದದ್ದಾ?" ಎಂದಳು.

ನೋಡಿದ್ದರಲ್ಲಿ ಯಾವುದೂ ನನಗೆ ನೆಮ್ಮದಿ ಕೊಡಲಿಲ್ಲ. ಹೋದಲ್ಲೆಲ್ಲ ಅಕ್ಕನ ದನಿ ನಡುಗಿದ್ದು ಕಿವಿಯಲ್ಲಿ. ಚರ್ಚಿನಲ್ಲಿ ಮಂಡಿಯೂರಿ ಕ್ಷಮೆ ಕೇಳೋಣವೆಂದರೆ ಅದು ನಮ್ಮ ಕ್ಯಾಥೋಲಿಕ್ ಚರ್ಚಲ್ಲ, ಬೇರೆ ಪಂಗಡದ್ದು. ಅಲ್ಲಿ ಒಪ್ಪಿಕೊಂಡ ಪಾಪ ನಮ್ಮ ಲೆಕ್ಕದಿಂದ ಕಳೆಯುತ್ತದೋ ಇಲ್ಲವೋ ಗೊತ್ತಾಗದೆ ಎದ್ದು ಬಂದೆ. ದಿನವೂ ಅಬುಧಾಬಿಯ ಗಂಟೆ ನೋಡಿಕೊಂಡು, ಎರಡು ಕಂಬಳಿಯೊಳಗೆ ಹಲ್ಲು ಕಡಿಯುತ್ತಾ, "ಇಲ್ಲಿ ನಲವತ್ತೇಳು ಡಿಗ್ರಿ ಅಕ್ಕ, ಬೆಂದು ಹೋದೆವು" ಎಂದು ಬರೆದು ಒಂದು ಶರ್ಟಿನ ಫೋಟೋ ಕಳಿಸುತ್ತಿದ್ದೆ. ಅಕ್ಕನಿಂದ ತಪ್ಪದೆ ಉತ್ತರ ಬರುತ್ತಿತ್ತು. ಒಂದು ದಿನ ಹಿತ್ತಿಲಲ್ಲಿ ಸುರಿಯುವ ಮಳೆಯ ಫೋಟೋ. ಒಂದು ದಿನ ಬಾಳೆಲೆಯ ಮೇಲೆ ಪತ್ರೊಡೆ, ಕೆಳಗೆ ಎರಡು ಸಾಲು: "ನೀನಿಲ್ಲದೆ ಗಂಟಲಲ್ಲಿ ಇಳಿಯುದಿಲ್ಲ ವಿಲ್ಲಿ. ಬಿಸಿಲಿಗೆ ಹೋಗಬೇಡ." ಆ ದಿನ ನಾನು ಪಬ್ಬಿನಲ್ಲಿ ಕೂತು ಅದನ್ನು ಓದಿ ನಿಜಕ್ಕೂ ಅತ್ತುಬಿಟ್ಟೆ. ಪಬ್ಬಿನವರು ಈರುಳ್ಳಿಯಿಂದ ಇರಬೇಕು ಎಂದುಕೊಂಡು ತಟ್ಟೆ ಬದಲಿಸಿ ಕೊಟ್ಟರು. ಊರಿಗೆ ಹೋಗುವ ತನಕ ಬದುಕಿದ್ದರೆ ಅಕ್ಕನ ಕಾಲು ಹಿಡಿಯುತ್ತೇನೆ ಎಂದು ಜೆಸ್ಸಿಗೆ ಹೇಳಿದೆ. "ಮೊದಲು ಗೊತ್ತಾಗದ ಹಾಗೆ ನೋಡಿಕೊಳ್ಳಿ, ಕಾಲು ಆಮೇಲೆ ಹಿಡಿಯುವ" ಎಂದಳು.

ಏಳನೇ ದಿನ ಕೋಟೆಗೆ ಹೋದೆವು. ಗುಡ್ಡದ ಮೇಲೆ ಒಂದೂವರೆ ಬುರುಜು, ಮುರಿದ ಗೋಡೆ, ಸುತ್ತ ಮೇಯುವ ಕುರಿಗಳು. ಹಳ್ಳಿಯಲ್ಲೆಲ್ಲೂ ಸರಿಯಾಗಿ ಸಿಗದ ಸಿಗ್ನಲ್ ಆ ಗುಡ್ಡದ ಮೇಲೆ ಸಿಗುತ್ತದೆ ಎಂದು ಲವೀನಾ ಹೇಳಿದ್ದಳು. ಗಾಳಿಗೆ ಕಿವಿ ಕಿತ್ತುಹೋಗುವ ಹಾಗಿತ್ತು, ಅವಳ ಉಣ್ಣೆ ಟೊಪ್ಪಿ ಹಾಕಿಕೊಂಡಿದ್ದೆ. ಬುರುಜಿನ ಮುಂದೆ ನಿಂತು ಏಳನೇ ಶರ್ಟಿನ ಫೋಟೋ ಹುಡುಕುತ್ತಿರುವಾಗಲೇ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಇಲ್ಲಿ ಒಂದು ವಿಷಯ ಹೇಳಬೇಕು. ಎಲ್ಲರೂ ಮೆಸೇಜು ಕಳಿಸುವ ಆ ಹಸಿರು ಆ್ಯಪ್ ಇದೆಯಲ್ಲ, ಎಮಿರೇಟ್ಸಿನಲ್ಲಿ ಅದರಲ್ಲಿ ಮೆಸೇಜು ಹೋಗುತ್ತದೆ, ಫೋಟೋ ಹೋಗುತ್ತದೆ, ಕಾಲ್ ಮಾತ್ರ ಹೋಗುವುದಿಲ್ಲ. ಕಾಲ್ ಮಾಡಲು ನಾವು ಬೇರೆ ಆ್ಯಪ್ ಇಟ್ಟುಕೊಂಡಿರುತ್ತೇವೆ. ಅಬುಧಾಬಿಯಲ್ಲಿ ಇಷ್ಟು ವರ್ಷದಲ್ಲಿ ಒಮ್ಮೆಯೂ ಹೊಡೆಯದ ಹಸಿರು ಆ್ಯಪ್ ಈಗ ಬೆಳಗಿ ಕುಣಿಯುತ್ತಿತ್ತು. ಅಪರೂಪಕ್ಕೆ ಹೊಡೆಯಿತಲ್ಲ ಎಂಬ ಸಂಭ್ರಮದಲ್ಲಿ ಹೆಸರು ಕೂಡ ನೋಡದೆ ಎತ್ತಿಬಿಟ್ಟೆ. ವೀಡಿಯೋ ಕಾಲ್. ಅಕ್ಕನ ಮುಖ.

"ವಿಲ್ಲಿ! ಎಂತ ಇದು, ಕೈ ತಾಗಿ ಕಾಲ್ ಹೋಯ್ತಾ, ನಿನ್ನ ಮುಖ ಕಾಣ್ತದೆ!"

"ನಿನ್ನದೂ ಕಾಣ್ತದೆ ಅಕ್ಕ" ಎಂದೆ. ಹೇಳಿದ ಮೇಲೆ ನಾನೆಲ್ಲಿ ನಿಂತಿದ್ದೇನೆ ಎಂಬುದು ನೆನಪಾಯಿತು. ಹಿಂದಿನ ಬುರುಜು ಮರೆಯಾಗಲಿ ಎಂದು ಫೋನನ್ನು ಮೂಗಿನ ಹತ್ತಿರ ಹಿಡಿದೆ. ವಿಚಿತ್ರವೆಂದರೆ ಅಕ್ಕನೂ ಅದೇ ಗಳಿಗೆಗೆ ಫೋನನ್ನು ತನ್ನ ಮೂಗಿನ ಹತ್ತಿರ ತಂದಳು. ಅವಳ ಕಣ್ಣಿಗೆ ಓದುವ ಕನ್ನಡಕವಿರಲಿಲ್ಲ, ಕಪ್ಪು ಕನ್ನಡಕವಿತ್ತು.

"ನಿನ್ನ ತಲೆ ಮೇಲೆ ಎಂತದು?"

"ಟೊಪ್ಪಿ."

"ಉಣ್ಣೆದ್ದಾ?"

"ಆಫೀಸಲ್ಲಿ ಏಸಿ ಜಾಸ್ತಿ ಅಕ್ಕ."

ಆಗ ನನ್ನ ಹಿಂದಿದ್ದ ಕುರಿ ಬಾಯಿ ತೆರೆದು "ಬ್ಯಾ" ಎಂದಿತು. ಒಂದಲ್ಲ, ಮೂರು ಸಲ.

"ಆಫೀಸಲ್ಲಿ ಕುರಿ ಉಂಟಾ?" ಹೈಸ್ಕೂಲಿನ ದನಿ. ಪಕ್ಕದಲ್ಲಿ ಜೆಸ್ಸಿ, "ಹೇಳಿಬಿಡಿ ಮಾರಾಯ್ರೆ, ಎಂತಕ್ಕೆ ಒದ್ದಾಡುದು" ಎಂದು ಪಿಸುಗುಟ್ಟಿದಳು. ಹೇಳಿಬಿಡೋಣ ಎಂದು ಬಾಯಿ ತೆರೆದವನು ಪರದೆ ನೋಡಿ ಹಾಗೇ ನಿಂತೆ. ಅಕ್ಕನ ಭುಜದ ಮೇಲಿಂದ ಒಂದು ಕುದುರೆ ಇಣುಕುತ್ತಿತ್ತು.

"ಅಕ್ಕ, ನಿನ್ನ ಹಿಂದೆ ಕುದುರೆ."

"ಯಾವ ಕುದುರೆ?"

ಅಷ್ಟರಲ್ಲಿ ಮಂಕಿ ಕ್ಯಾಪ್ ಹಾಕಿದ ಭಾವ ಕೈಯಲ್ಲಿ ಸುಟ್ಟ ಜೋಳ ಹಿಡಿದುಕೊಂಡು ಓಡಿ ಬಂದರು. "ಸಿಸಿಲಿಯಾ, ಬಾ ಬಾ, ಬೋಟಿಂಗಿಗೆ ನಮ್ಮ ನಂಬರ್ ಬಂತು!" ಎಂದವರು ಫೋನಿನಲ್ಲಿ ನನ್ನ ಮುಖ ನೋಡಿ ಜೋಳವನ್ನು ಬೆನ್ನ ಹಿಂದೆ ಅಡಗಿಸಿದರು.

ಅಲ್ಲಿ ಕುದುರೆ, ಇಲ್ಲಿ ಕುರಿ. ಕೊನೆಗೆ ಅಕ್ಕ ಕಪ್ಪು ಕನ್ನಡಕ ತೆಗೆದಳು. ಇನ್ನು ಮುಂದಿನದು ನಡೆದದ್ದು ಕೊಂಕಣಿಯಲ್ಲಿ, ಕನ್ನಡಕ್ಕೆ ತರುವಾಗ ಅರ್ಧ ಖಾರ ಇಳಿದುಹೋಗಿದೆ.

"ನೀನೆಲ್ಲಿದ್ದಿ? ಸರಿಯಾಗಿ ಹೇಳು."

"ಇಂಗ್ಲೆಂಡ್. ನೀನು?"

"ಊಟಿ."

"ಯಾವಾಗ ಹೊರಟದ್ದು?"

"ಹೊರಟದ್ದು ಮೊನ್ನೆ ಸೋಮವಾರ. ನಿನಗೆ ರಜೆ ಇಲ್ಲ ಅಂದಿಯಲ್ಲ, ಫೋನ್ ಇಟ್ಟ ಕೂಡಲೇ ಬುಕ್ ಮಾಡಿದ್ದು. ನಮ್ಮ ಹಳೇ ಟೀಚರ್‌ಗಳೆಲ್ಲ ಒಟ್ಟಿಗೆ."

"ಮತ್ತೆ ಪತ್ರೊಡೆ?"

"ಅದು ಹೋದ ವರ್ಷದ್ದು. ಮಳೆಯದ್ದೂ ಹೋದ ವರ್ಷದ್ದೇ." ಕೂಡಲೇ, "ನಿನ್ನ ಆ ನೀಲಿ ಶರ್ಟು?" ಎಂದಳು.

"ಒಂದೇ ದಿನ ಹತ್ತು ತೆಗೆದದ್ದು."

"ಅದಕ್ಕೇ ಹಿಂದಿನ ಬಟ್ಟೆ ಒಂದು ವಾರದಿಂದ ಒಣಗ್ತಾ ಉಂಟು" ಎಂದಳು ಅಕ್ಕ. "ನಾನು ನೋಡಿದ್ದೆ. ಪಾಪ, ಆ ಮನೆಯವರಿಗೆ ಎಂತ ಆಗಿರಬಹುದು ಅಂತ ಗ್ರಹಿಸಿದ್ದೆ."

ನನಗೆ ಈಗ ಧೈರ್ಯ ಬಂತು. "ಒಂದು ಮಾತು ಹೇಳಬಹುದಿತ್ತಲ್ಲ ಅಕ್ಕ, ಊಟಿಗೆ ಹೋಗ್ತೇನೆ ಅಂತ?"

"ಹೇಗೆ ಹೇಳುದು? ನೀನು ಅಲ್ಲಿ ಬೇಯ್ತಾ ಇದ್ದಿ, ನಾನು ತಂಪಲ್ಲಿ ಕೂತು ಜೋಳ ತಿಂತೇನೆ ಅಂತ ಹೇಳುದಾ?" ಎಂದವಳು ದನಿ ಇಳಿಸಿದಳು. "ಇಪ್ಪತ್ತೆರಡು ವರ್ಷ ಆಯ್ತು ವಿಲ್ಲಿ. ಪ್ರತಿ ಆಗಸ್ಟ್ ಇವರೆಲ್ಲ ಎಲ್ಲಿಗಾದ್ರೂ ಹೊರಡ್ತಾರೆ. ಸಿಸಿಲಿಯಾ ಟೀಚರಿಗೆ ಆಗುದಿಲ್ಲ, ತಮ್ಮ ಬರ್ತಾನೆ ಅಂತ ನನ್ನನ್ನು ಕರೆಯುದೇ ಬಿಟ್ಟಿದ್ರು. ನೀನು ಬಂದ್ರೆ ನನಗೆ ಸಂತೋಷ ಅಲ್ವಾ? ಸಂತೋಷವೇ. ಆದ್ರೆ ಮೂವತ್ತು ದಿನ ಮಾರಾಯ! ಮೂರು ಹೊತ್ತು ಅಡಿಗೆ, ದಿನಾ ನೆಂಟರು. ನೀನು ಹೋದ ಮೇಲೆ ಒಂದು ವಾರ ನಾನು ಮಲಗಿಯೇ ಇರ್ತೇನೆ. ನಿನಗೆ ಹೇಳುದಿಲ್ಲ ಅಷ್ಟೆ."

"ನಾವು ಅಷ್ಟು ದಿನ ಇರುದೇ ಬೇಗ ಹೋದ್ರೆ ನಿನಗೆ ಬೇಜಾರಾಗ್ತದೆ ಅಂತ ಅಕ್ಕ" ಎಂದೆ.

ಇದನ್ನು ಕೇಳಿ ಅಲ್ಲಿ ಅಕ್ಕ, ಇಲ್ಲಿ ಜೆಸ್ಸಿ ಒಟ್ಟಿಗೇ ನಗತೊಡಗಿದರು. ಜೆಸ್ಸಿ ನಿಲ್ಲಲಾಗದೆ ಕೋಟೆಯ ಗೋಡೆಯ ಮೇಲೆ ಕೂತುಬಿಟ್ಟಳು. ಫೋನು ಕಸಿದುಕೊಂಡು, "ಅಕ್ಕ, ನಾನು ಇಲ್ಲಿ ಕೂಡ ಮೀನೇ ತೊಳಿತಾ ಇದ್ದೇನೆ" ಎಂದು ಹೇಳಿ ಇನ್ನಷ್ಟು ನಕ್ಕಳು. ಅಕ್ಕನಿಗೆ ಬೋಟಿನ ಹೊತ್ತಾಯಿತು. "ಚಳಿಗೆ ಕಿವಿ ಮುಚ್ಚಿಕೋ" ಎಂದು ನನಗೆ ಹೇಳಿ ಫೋನಿಟ್ಟಳು.

ಬುದ್ಧಿ ಇದ್ದವನಾದರೆ ಅಲ್ಲಿಂದ ಮುಂದಿನ ಮೂರು ದಿನ ಹಾಯಾಗಿ ಇರಬೇಕಿತ್ತು. ಪಾಪ ಕಳೆಯಿತು, ಯಾರ ಕಾಲೂ ಹಿಡಿಯಬೇಕಿಲ್ಲ. ನನಗೆ ಮಾತ್ರ ವಿಪರೀತ ಬೇಜಾರಾಯಿತು. ನಾನು ಹೋಗದಿದ್ದರೆ ಅಕ್ಕ ಕುಸಿದು ಕೂರುತ್ತಾಳೆ ಎಂದುಕೊಂಡಿದ್ದೆ, ಅವಳು ಬೋಟಿನಲ್ಲಿ ಕೂತಿದ್ದಳು. ಅವಳ ದನಿ ನಡುಗಿದ್ದು ದುಃಖಕ್ಕಲ್ಲ, ಖುಷಿ ಅದುಮಿಕೊಂಡದ್ದಕ್ಕೆ ಎಂಬುದು ಕೋಟೆಯಿಂದ ಇಳಿಯುವಾಗ ಹೊಳೆಯಿತು. "ಬರಲೇಬೇಕು ವಿಲ್ಲಿ, ಹೇಗಾದರೂ ಮಾಡು" ಎಂದು ಒಂದು ಸಲ, ಬಾಯಿಮಾತಿಗಾದರೂ, ಅನ್ನಬಹುದಿತ್ತಲ್ಲ? ಕೋಟೆಯನ್ನು ಯಾರು ಮುತ್ತಿದರು, ಯಾರು ಎಷ್ಟು ತಿಂಗಳು ಒಳಗಿದ್ದು ಹೋರಾಡಿದರು ಎಂದು ಅಲ್ಲಿಯವರೊಬ್ಬರು ಬಹಳ ಚೆನ್ನಾಗಿ ವಿವರಿಸಿದರಂತೆ. ನನಗೆ ಒಂದು ಅಕ್ಷರವೂ ನೆನಪಿಲ್ಲ. ರಿಯಾ ನನ್ನ ಕೈ ಹಿಡಿದುಕೊಂಡು, ಅಪರೂಪಕ್ಕೆ ಕನ್ನಡದಲ್ಲಿ, "ಪಪ್ಪಾ, ಬೇಜಾರು ಮಾಡಬೇಡಿ, ಶಿ ಲವ್ಸ್ ಯು. ಥರ್ಟಿ ಡೇಸ್ ಮಾತ್ರ ಇಷ್ಟ ಇಲ್ಲ" ಎಂದು ಸಮಾಧಾನ ಹೇಳಿದಳು.

ಈಗ ಮತ್ತೆ ಜೂನ್ ಬಂದಿದೆ. ಅಬುಧಾಬಿಯಲ್ಲಿ ರಜೆ ಅರ್ಜಿಗಳ ಕಾಲ. ಈ ಸಲ ಅಕ್ಕನಿಗೆ ನಾನೇ ಫೋನ್ ಮಾಡಿ, ಸುಳ್ಳಿಲ್ಲದೆ, ಬರುತ್ತೇವೆ ಎಂದೆ. "ಬನ್ನಿ ಬನ್ನಿ, ಯಾವಾಗ?" ಎಂದಳು. ಆಗಸ್ಟ್ ಅಂದೆ. "ಆಗಸ್ಟಲ್ಲಿ ನಾವು ಕೊಡೈಕನಾಲಿಗೆ ಹೋಗುದುಂಟು, ಅದು ಬಿಟ್ಟು ನೋಡು" ಎಂದಳು. ಜುಲೈ ಕೊನೆಗೆ ಒಂದು ವಾರ ಸಾಕಲ್ವಾ ಎಂದು ಕೇಳಿದಳು. ಇಪ್ಪತ್ತೆರಡು ವರ್ಷ ಊರಿನ ಮೂವತ್ತು ದಿನವನ್ನು ಹೇಗೆ ಇಪ್ಪತ್ತೈದು ಮಾಡುವುದು ಎಂದು ಯೋಚಿಸಿದ ಮನುಷ್ಯ ನಾನು. ಈಗ ಒಂದು ವಾರವನ್ನು ಹದಿನೈದು ದಿನ ಮಾಡಿಸಲು ದಿನವೂ ಫೋನ್ ಹಚ್ಚುತ್ತಿದ್ದೇನೆ. ಮೀನು ಹೊರಗಿನಿಂದ ತರಿಸುವ, ನೆಂಟರನ್ನು ಹೋಟೆಲಿನಲ್ಲೇ ಕಾಣುವ, ಪಾತ್ರೆ ನಾನೇ ತೊಳೆಯುತ್ತೇನೆ ಎಂದೆಲ್ಲ ಹೇಳಿದ್ದೇನೆ. ಭಾವನಿಂದಲೂ ಒಂದು ಮಾತು ಹೇಳಿಸಿದ್ದೇನೆ. ಮುದೀರ್ ಎಂದಿನಂತೆ ಓದದೆಯೇ ಮೂವತ್ತು ದಿನಕ್ಕೂ ಸಹಿ ಹಾಕಿ ಕೊಟ್ಟಿದ್ದಾರೆ. ಅಕ್ಕನ ಒಪ್ಪಿಗೆ ಇನ್ನೂ ಬಂದಿಲ್ಲ.